ಹಳೆಯ ಟಿ.ವಿ. ಧಾಟಿಗಳು ನಮ್ಮ ವಾದ್ಯಗಳಲ್ಲಿ

ಮುಂಬೈಯ ಮಾಟುಂಗಾದ ನಮ್ಮ ಮನೆಯಲ್ಲಿ ಭಾನುವಾರ ಸೇರುವ ಮಕ್ಕಳಲ್ಲಿ ಒಬ್ಬಳು ಪಿಟೀಲು, ಒಬ್ಬ ಕೊಳಲು, ಇಬ್ಬರು ಹಾರ್ಮೋನಿಯಂ, ಇನ್ನೊಬ್ಬ ಕೀಬೋರ್ಡ್ ನುಡಿಸುತ್ತಾರೆ. ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆಂದು ಇವರಿಗೆ ಹಳೆಯ ಟಿ.ವಿ. ಧಾಟಿಗಳನ್ನು ಕಲಿಸುವಾಗ ನನಗೆ ಮನದಟ್ಟಾದ ಸಂಗತಿ ಒಂದಿದೆ: ಸ್ವರಗಳೆಲ್ಲ ಸರಿಯಾಗಿ ಬಿದ್ದರೂ ಧಾಟಿಯ ಗುರುತು ಸಿಗದೆ ಹೋಗಬಹುದು. ಒಂದು ಸ್ವರ ಹೇಗೆ ಹುಟ್ಟುತ್ತದೆ, ಮುಂದಿನ ಸ್ವರಕ್ಕೆ ಹೇಗೆ ದಾಟುತ್ತದೆ ಎಂಬುದನ್ನು ಕಿವಿ ಸ್ವರದಷ್ಟೇ ಗಮನವಿಟ್ಟು ಕೇಳಿಸಿಕೊಳ್ಳುತ್ತದೆ. ಧ್ವನಿಮುದ್ರಣದಿಂದ ಸ್ವರದ ಆರಂಭದ ಕ್ಷಣವನ್ನಷ್ಟೇ ಕತ್ತರಿಸಿ ತೆಗೆದರೆ, ನುಡಿಯುತ್ತಿರುವ ವಾದ್ಯ ಯಾವುದೆಂದು ಹೇಳಲು ಪಳಗಿದವರೂ ತಡವರಿಸುತ್ತಾರೆ.

ಆದ್ದರಿಂದ ವಾದ್ಯವನ್ನು ಮುಟ್ಟುವ ಮೊದಲು ಧಾಟಿಯನ್ನು ಬಾಯಲ್ಲಿ ಹಾಡಿಕೊಳ್ಳಬೇಕು. ಶ್ರುತಿ ಬದಲಾಗದಂತೆ ವೇಗವನ್ನು ಮಾತ್ರ ಅರ್ಧಕ್ಕಿಳಿಸುವ ಸೌಲಭ್ಯ ಈಗ ಮೊಬೈಲಿನಲ್ಲೇ ದೊರೆಯುತ್ತದೆ. ಅದರಲ್ಲಿ ಐದೈದು ಸೆಕೆಂಡಿನ ತುಂಡುಗಳನ್ನು ಮತ್ತೆ ಮತ್ತೆ ಕೇಳಿ. ಧಾಟಿ ಎಲ್ಲಿಗೆ ಬಂದು ನೆಲೆ ನಿಲ್ಲುತ್ತದೆಯೋ ಅದನ್ನು ಹಾರ್ಮೋನಿಯಂನಲ್ಲಿ ಹುಡುಕಿ, ಬಿಳಿ ಒಂದೋ ಕಪ್ಪು ಎರಡೋ ಎಂಬುದನ್ನು ಬರೆದಿಟ್ಟುಕೊಂಡು, ಎಲ್ಲರೂ ಅದನ್ನೇ ಷಡ್ಜವಾಗಿ, ಅಂದರೆ ‘ಸ’ ಆಗಿ ಹಿಡಿಯಬೇಕು. ಒಂದು ಭಾನುವಾರ ಅರ್ಧ ಗಂಟೆ ನಾನು ಪಿಟೀಲಿನ ಹುಡುಗಿಯ ಬೆರಳನ್ನೇ ತಿದ್ದುತ್ತಿದ್ದೆ. ಕೊನೆಗೆ ನೋಡಿದರೆ ಕೀಬೋರ್ಡಿನ ಶ್ರುತಿ ಬದಲಿಸುವ ಗುಂಡಿ ಹಿಂದಿನ ವಾರದಿಂದ ಅರ್ಧ ಸ್ವರ ಮೇಲೇ ನಿಂತಿತ್ತು. ಅಂದಿನಿಂದ ಅಭ್ಯಾಸಕ್ಕೆ ಮುನ್ನ ಮೊದಲು ನೋಡುವುದು ಆ ಗುಂಡಿಯನ್ನೇ.

ಕಲಿಕೆಗೆ ‘ಮಾಲ್ಗುಡಿ ಡೇಸ್’ ಒಳ್ಳೆಯ ಆರಂಭ. ಶಂಕರ್ ನಾಗ್ ನಿರ್ದೇಶಿಸಿದ ಈ ಧಾರಾವಾಹಿಗೆ ಎಲ್. ವೈದ್ಯನಾಥನ್ ಕೊಟ್ಟ ಶೀರ್ಷಿಕೆ ಸಂಗೀತದಲ್ಲಿ ಮಾತಿಲ್ಲ, ‘ತಾ ನ ನ’ ಎಂಬ ಅಕ್ಷರಗಳಷ್ಟೇ ಇವೆ. ನುಡಿಸುವ ದಾರಿಯನ್ನು ಆ ಅಕ್ಷರಗಳೇ ಹೇಳಿಕೊಡುತ್ತವೆ. ‘ತಾ’ ಎನ್ನುವಾಗ ನಾಲಿಗೆ ಹಲ್ಲಿಗೆ ತಾಗಿ ಉಸಿರು ಒಂದು ಕ್ಷಣ ಕಡಿಯುತ್ತದೆ, ‘ನ’ ಎನ್ನುವಾಗ ಧ್ವನಿ ಕಡಿಯುವುದೇ ಇಲ್ಲ. ಕೊಳಲಿನವನು ‘ತಾ’ ಬಂದಲ್ಲಿ ಮಾತ್ರ ನಾಲಿಗೆ ತಾಗಿಸಿ ಊದಲಿ. ಪಿಟೀಲಿನವಳು ಅಲ್ಲಿ ಕಮಾನಿನ ದಿಕ್ಕು ಬದಲಿಸಿ, ‘ನ’ಕಾರಗಳನ್ನೆಲ್ಲ ಒಂದೇ ಎಳೆತದಲ್ಲಿ ಮುಗಿಸಲಿ. ಹಾರ್ಮೋನಿಯಂನಲ್ಲಿ ‘ತಾ’ಕ್ಕೆ ಮುಂಚೆ ಬೆರಳನ್ನು ಪೂರ್ತಿ ಎತ್ತಬೇಕು, ‘ನ’ಕ್ಕೆ ಮಾತ್ರ ಮುಂದಿನ ಮನೆಯನ್ನು (ಬೆರಳಿನಿಂದ ಒತ್ತುವ ಪಟ್ಟಿಯನ್ನು) ಒತ್ತಿದ ಮೇಲೆ ಹಿಂದಿನದನ್ನು ಬಿಡಬೇಕು.

ದೂರದರ್ಶನದ ಸಂಕೇತ ಧಾಟಿ ಇದಕ್ಕಿಂತ ಬಹಳ ಕಷ್ಟ. ಪಂಡಿತ್ ರವಿಶಂಕರ್ ಅವರು ಷೆಹನಾಯಿ ವಾದಕ ಉಸ್ತಾದ್ ಅಲಿ ಅಹ್ಮದ್ ಹುಸೇನ್ ಖಾನ್ ಅವರೊಡನೆ ಸಂಯೋಜಿಸಿದ ಈ ಧಾಟಿ ಮೊದಲು ಬಿತ್ತರವಾದದ್ದು 1976ರ ಏಪ್ರಿಲ್ 1ರಂದು. ಷೆಹನಾಯಿಯಲ್ಲಿ ನಮ್ಮ ಓಲಗದಂತೆಯೇ ಬಾಯಲ್ಲಿ ಹಿಡಿಯುವ ಎರಡು ತೆಳು ಸೀಳುಗಳು (ರೀಡ್) ಒಟ್ಟಿಗೆ ನಡುಗುತ್ತವೆ, ತುಟಿಯ ಒತ್ತಡ ಮತ್ತು ಬೆರಳಿನ ಸರಿತದಿಂದ ಸ್ವರ ಸ್ವರಕ್ಕೆ ಜಾರುತ್ತದೆ. ಈ ಜಾರು ತಪ್ಪಿದರೆ ಉಳಿಯುವುದು ಬರೀ ಸ್ವರಗಳ ಪಟ್ಟಿ. ಪಿಟೀಲಿನಲ್ಲಿ ಒಂದೇ ಬೆರಳನ್ನು ತಂತಿಯ ಮೇಲೆ ಸರಿಸಿದರೆ ಜಾರು ಬರುತ್ತದೆ, ಕೊಳಲಿನಲ್ಲಿ ರಂಧ್ರದ ಮೇಲಿನ ಬೆರಳನ್ನು ಥಟ್ಟನೆ ಎತ್ತದೆ ಮೆಲ್ಲಗೆ ಮಗುಚಿದರೆ ಸಾಕು. ಹಾರ್ಮೋನಿಯಂಗೆ ಜಾರು ಎಂಬುದೇ ಇಲ್ಲ. ಆಕಾಶವಾಣಿ ಅದನ್ನು 1940ರಲ್ಲಿ ನಿಷೇಧಿಸಿದ್ದಕ್ಕೆ ಇದೂ ಒಂದು ಕಾರಣ, ಆ ನಿಷೇಧ ಸಡಿಲಗೊಂಡದ್ದು 1971ರಲ್ಲಿ. ಹೀಗಾಗಿ ಈ ಧಾಟಿಯಲ್ಲಿ ಹಾರ್ಮೋನಿಯಂ ಷಡ್ಜ ಪಂಚಮಗಳನ್ನು ಹಿಡಿದು ನಿಲ್ಲುವುದೇ ಮೇಲು, ಅದೇನೂ ಕಿರಿಯ ಕೆಲಸವಲ್ಲ.

ಕೀಬೋರ್ಡಿನಲ್ಲಿ ‘ಷೆಹನಾಯಿ’ ಎಂಬ ಧ್ವನಿಯನ್ನು ಆರಿಸಿದೊಡನೆ ಕೆಲಸ ಮುಗಿಯಿತೆಂದು ಮಕ್ಕಳು ತಿಳಿಯುತ್ತಾರೆ. ಎಡಬದಿಯ ಪಿಚ್ ಬೆಂಡ್ ಗಾಲಿಯನ್ನೂ ಬಳಸಬೇಕು. ಅದು ಸಾಮಾನ್ಯವಾಗಿ ಮೇಲಕ್ಕೂ ಕೆಳಕ್ಕೂ ಎರಡು ಅರ್ಧ ಸ್ವರಗಳಷ್ಟು ಜಾರಿಸುತ್ತದೆ. ಗಾಲಿಯನ್ನು ಮೊದಲೇ ಕೆಳಗೆ ಎಳೆದಿಟ್ಟು, ಮನೆಯನ್ನು ಒತ್ತಿ, ಆಮೇಲೆ ನಿಧಾನವಾಗಿ ಬಿಡಿ. ಸ್ವರ ಕೆಳಗಿನಿಂದ ತೇಲಿ ಬರುತ್ತದೆ. ಆಗ ಬೇರೆ ಯಾವ ಮನೆಯನ್ನು ಒತ್ತಿ ಹಿಡಿದಿದ್ದರೂ ಅದೂ ಜೊತೆಗೇ ಜಾರುವುದರಿಂದ ಒಂದೇ ಬೆರಳು ಇರಲಿ.

ವಾದ್ಯವೇ ಅಲ್ಲದ ಸದ್ದುಗಳನ್ನು ಮರುಸೃಷ್ಟಿಸಬೇಕೆನ್ನುವ ದೊಡ್ಡ ಮಕ್ಕಳಿಗೆ ನಾನು ಬಿಬಿಸಿಯ ‘ಡಾಕ್ಟರ್ ಹೂ’ ಧಾರಾವಾಹಿಯ ಧಾಟಿಯ ಕಥೆ ಹೇಳುತ್ತೇನೆ. 1963ರಲ್ಲಿ ರಾನ್ ಗ್ರೇನರ್ ಬರೆದ ಸ್ವರಗಳನ್ನು ಡೇಲಿಯಾ ಡರ್ಬಿಶೈರ್ ಧ್ವನಿಯಾಗಿಸಿದ್ದು ಟೇಪು ಕತ್ತರಿಸಿ ಅಂಟಿಸಿ. ಒಂದು ತಂತಿಯ ಮೀಟನ್ನು ಮುದ್ರಿಸಿಕೊಂಡು, ಬೇರೆ ಬೇರೆ ವೇಗದಲ್ಲಿ ಓಡಿಸಿ ಬೇಕಾದ ಸ್ವರಗಳನ್ನು ಪಡೆದು, ಆ ತುಂಡುಗಳನ್ನು ಜೋಡಿಸಿ ಅವರು ಮಂದ್ರದ ಸಾಲನ್ನು ಕಟ್ಟಿದರು. ಇದನ್ನು ಮನೆಯಲ್ಲೂ ಮಾಡಬಹುದು. ತಂಬೂರಿಯ ಒಂದು ಮೀಟನ್ನು ಮೊಬೈಲಿನಲ್ಲಿ ಹಿಡಿದು, ಈ ಬಾರಿ ವೇಗದ ಜೊತೆ ಶ್ರುತಿಯೂ ಇಳಿಯುವಂತೆ ಅರ್ಧ ವೇಗಕ್ಕೆ ತಂದರೆ ಅದೇ ಸ್ವರ ಒಂದು ಸ್ಥಾಯಿ ಕೆಳಗೆ ಸಿಗುತ್ತದೆ.

ಮುದ್ರಿಸಿಕೊಳ್ಳುವಾಗ ಫ್ಯಾನು ಆರಿಸಿ, ಬರಿಗೋಡೆಗೆ ದಪ್ಪ ರಜಾಯಿ ತೂಗುಹಾಕಿ. ಮೊಬೈಲು ಪಿಟೀಲಿಗೆ ಒಂದು ಮಾರು ದೂರದಲ್ಲಿರಲಿ, ಹಾರ್ಮೋನಿಯಂಗೆ ಇನ್ನೂ ದೂರ, ಇಲ್ಲವಾದರೆ ತಿದಿಯ ಉಸಿರೇ ಧಾಟಿಗಿಂತ ಮುಂದೆ ಕೇಳಿಸುತ್ತದೆ. ರೈಲು ಹಳಿಯ ಬದಿಯ ನಮ್ಮಂಥ ಮನೆಗಳಲ್ಲಿ ಲೋಕಲ್ ದಾಟಿದ ಸದ್ದು ಪೂರ್ತಿ ಅಡಗುವವರೆಗೆ ಕಾದು, ಮುಂದಿನ ಗಾಡಿ ಬರುವುದರೊಳಗೆ ಒಂದು ಸಲ ನುಡಿಸಿ ಮುಗಿಸಬೇಕು. ಮೂವತ್ತು ಸೆಕೆಂಡಿನ ಧಾಟಿಗೆ ಅಷ್ಟು ಬಿಡುವು ಧಾರಾಳವಾಗಿ ಸಿಗುತ್ತದೆ.