ವಿಮಾನದ ಸದ್ದಿಗೆ ನಿದ್ದೆ ಕೆಡುತ್ತಿದ್ದರೆ ಮೊದಲು ಸಂದು ಹುಡುಕಿ

ನಾನು ಮರಗೆಲಸದವನು. ಕೋಲಾರ ತಾಲ್ಲೂಕು, ವೇಮಗಲ್ ಕಡೆ ನಮ್ಮೂರು. ಇಪ್ಪತ್ತೆರಡು ವರ್ಷದಿಂದ ಕಿಟಕಿ ಬಾಗಿಲು ಮಾಡುತ್ತಿದ್ದೇನೆ. ನಂದಗುಡಿ, ಸೂಲಿಬೆಲೆ, ದೇವನಹಳ್ಳಿ ತಾಲ್ಲೂಕಿನ ವಿಜಯಪುರದವರೆಗೂ ಕೆಲಸಕ್ಕೆ ಹೋಗುತ್ತೇನೆ. ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ನಿಲ್ದಾಣ ಶುರುವಾದಾಗ ಈ ಕಡೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. 2019ರ ಡಿಸೆಂಬರ್‌ನಲ್ಲಿ ಎರಡನೇ ರನ್‌ವೇ ಬಂತು, ವಿಮಾನ ಹೆಚ್ಚಿದವು. ಈಗ ಹೋದ ಮನೆಯಲ್ಲೆಲ್ಲ ಒಂದೇ ಮಾತು: "ಅಣ್ಣಾ, ನಡುರಾತ್ರಿ ಎಚ್ಚರ ಆಗ್ಬಿಡುತ್ತೆ, ಕಿಟಕಿಗೆ ಏನಾದ್ರೂ ಮಾಡಿಕೊಡಿ."

ಮಾಡಿಕೊಡಬಹುದು. ಆದರೆ ದುಡ್ಡು ಬಿಚ್ಚುವ ಮೊದಲು ಸದ್ದು ಯಾವ ತಿಂಗಳು, ಯಾವ ಹೊತ್ತಿಗೆ, ಮನೆಯ ಯಾವ ಸಂದಿನಿಂದ ಬರುತ್ತಿದೆ ಅಂತ ನೀವೇ ಕಂಡುಕೊಳ್ಳಬೇಕು. ಇದನ್ನು ಬಿಟ್ಟು ಸಾವಿರಾರು ರೂಪಾಯಿ ಸುರಿದವರನ್ನು ನೋಡಿ ನನಗೆ ಹೊಟ್ಟೆ ಉರಿದಿದೆ.

ತಿಂಗಳಿನ ವಿಷಯ ಮೊದಲು. ವಿಮಾನ ಎದುರುಗಾಳಿಗೇ ಏರುತ್ತದೆ, ಎದುರುಗಾಳಿಗೇ ಇಳಿಯುತ್ತದೆ. ದೇವನಹಳ್ಳಿಯ ಎರಡೂ ರನ್‌ವೇ ಪೂರ್ವ ಪಶ್ಚಿಮವಾಗಿ ಇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಗಾಳಿ ಪಶ್ಚಿಮದಿಂದ ಬೀಸುವಾಗ ವಿಮಾನಗಳು ನಮ್ಮ ಕೋಲಾರದ ದಿಕ್ಕಿನಿಂದ ಬಂದು ಇಳಿಯುತ್ತವೆ. ಚಳಿಗಾಲದಲ್ಲಿ ಮೂಡಣ ಗಾಳಿ ಬಂದರೆ ಉಲ್ಟಾ: ದೊಡ್ಡಬಳ್ಳಾಪುರದ ಕಡೆಯಿಂದ ಬಂದು ಇಳಿದು ನಮ್ಮ ಕಡೆ ಏರುತ್ತವೆ. ಎರಡೂ ಸದ್ದು ಒಂದೇ ಅಲ್ಲ. ಇಳಿಯುವಾಗ ಸಿಳ್ಳೆ ಹೊಡೆದಂತೆ ತೆಳು ಸದ್ದು; ರೆಕ್ಕೆಯ ಪಟ್ಟಿ, ಚಕ್ರ ಗಾಳಿಗೆ ತಾಗುವುದೂ ಅದರಲ್ಲಿ ಸೇರಿರುತ್ತದೆ. ಏರುವಾಗ ಗುಡುಗಿನಂತೆ ದಪ್ಪ ಸದ್ದು, ಪಾತ್ರೆ ಪಗಡ ನಡುಗುತ್ತವೆ. ತೆಳು ಸದ್ದನ್ನು ಸಂದು ಮುಚ್ಚಿ ತಡೆಯಬಹುದು. ದಪ್ಪ ಸದ್ದಿಗೆ ತೂಕ ಬೇಕು, ಅಂದರೆ ದಪ್ಪ ಗಾಜು, ದಪ್ಪ ಬಾಗಿಲು, ಮೇಲೆ ಆರ್‌ಸಿಸಿ ತಾರಸಿ.

ಹದಿನಾಲ್ಕು ರಾತ್ರಿ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ನಮ್ಮ ಮನೆಯಲ್ಲಿ ಇದನ್ನು ನನ್ನ ಹೆಂಡತಿ ಬರೆದಳು, ಮಗು ಸಣ್ಣದಿತ್ತು, ಹೇಗೂ ಎದ್ದಿರುತ್ತಿದ್ದಳು. ಒಂದು ಸಾಲು ಹೀಗಿದೆ: "ಆಗಸ್ಟ್ 9, ರಾತ್ರಿ 2.40, ಇಳಿಯುವುದು, ಎ320, 6,500 ಅಡಿ, ಕಿಟಕಿ ಹಾಕಿತ್ತು, ಮಗು ಎದ್ದಿತು." ವಿಮಾನದ ಜಾತಿ, ಎತ್ತರ ಫ್ಲೈಟ್‌ರಾಡಾರ್24 ಆ್ಯಪ್‌ನಲ್ಲಿ ಸಿಗುತ್ತವೆ. ಒಂದು ಎಚ್ಚರಿಕೆ: ಅಲ್ಲಿ ಕಾಣುವ ಎತ್ತರ ಸಮುದ್ರಮಟ್ಟದಿಂದ ಲೆಕ್ಕ. ನಮ್ಮ ಕೋಲಾರವೇ ಸುಮಾರು 2,700 ಅಡಿ ಮೇಲಿದೆ. 6,500 ಅಂತಿದ್ದರೆ ನಿಮ್ಮ ತಲೆ ಮೇಲೆ 3,800 ಅಡಿ ಅಷ್ಟೇ. ಫೋನಿನ ಡೆಸಿಬೆಲ್ ಆ್ಯಪ್ ಅಳತೆಯನ್ನು ಕಚೇರಿಯವರು ಒಪ್ಪುವುದಿಲ್ಲ. ಆದರೆ ಒಂದೇ ಫೋನು ಒಂದೇ ಜಾಗದಲ್ಲಿಟ್ಟು ಕೆಲಸಕ್ಕೆ ಮೊದಲು, ಆಮೇಲೆ ಅಳೆದರೆ ಫರಕು ಗೊತ್ತಾಗುತ್ತದೆ. ಹತ್ತು ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಅರ್ಧ ಆದಂತೆ.

ಇನ್ನು ಸಂದು. ಗಾಳಿ ನುಗ್ಗುವ ಕಡೆಯೆಲ್ಲ ಸದ್ದೂ ನುಗ್ಗುತ್ತದೆ. ಸೂಲಿಬೆಲೆ ಹತ್ತಿರ ಒಬ್ಬ ಅಜ್ಜಿಯ ಮನೆಗೆ ಹೋಗಿದ್ದೆ. ಮಗ ಪೇಟೆಯಿಂದ ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿ ಹಾಕಿಸಿದ್ದ, ಸದ್ದು ಬರಲ್ಲ ಅಂತ ಅಂಗಡಿಯವರು ಹೇಳಿದ್ದರಂತೆ. ಅಜ್ಜಿಗೆ ನಿದ್ದೆಯೇ ಇಲ್ಲ. ಸಂಜೆ ಲೈಟ್ ಆರಿಸಿ, ಫ್ಯಾನ್ ನಿಲ್ಲಿಸಿ, ದೇವರ ಮನೆಯಿಂದ ಒಂದು ಊದುಬತ್ತಿ ತಂದು ಕಿಟಕಿ ಚೌಕಟ್ಟಿನ ಸುತ್ತ ನಿಧಾನಕ್ಕೆ ಹಿಡಿದುಕೊಂಡು ಹೋದೆ. ಸರಿಯುವ ಎರಡು ಗಾಜಿನ ಬಾಗಿಲು ಒಂದರ ಮೇಲೊಂದು ಬರುವ ಕಡೆ ಹೊಗೆ ಸರಕ್ಕನೆ ಒಳಕ್ಕೆ ತಿರುಗಿತು. ಕೆಳಗಿನ ಟ್ರ್ಯಾಕಿನ ನೀರು ಹೋಗುವ ತೂತಿನಲ್ಲೂ ಅಷ್ಟೇ. ಆಮೇಲೆ ತಲೆ ಎತ್ತಿ ನೋಡಿದರೆ ಬಾಗಿಲ ಮೇಲೆ ಸಿಮೆಂಟ್ ಜಾಲಿ, ಮುಚ್ಚಳವೇ ಇಲ್ಲ, ಆಕಾಶ ಕಾಣುತ್ತಿತ್ತು. ಕಿಟಕಿಗೆ ಎಷ್ಟು ಖರ್ಚು ಮಾಡಿದರೂ ಆ ಜಾಲಿ ತೆರೆದಿರುವವರೆಗೆ ಪ್ರಯೋಜನವಿಲ್ಲ.

ನಿಮ್ಮ ಮನೆಯಲ್ಲೂ ಇದೇ ಊದುಬತ್ತಿ ಪರೀಕ್ಷೆ ಮಾಡಿ, ಹೊಗೆ ಅಲ್ಲಾಡಿದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಚೌಕಟ್ಟಿಗೂ ಗೋಡೆಗೂ ನಡುವಿನ ಬಿರುಕಿಗೆ ಸಿಲಿಕೋನ್ ತುಂಬಿಸಿ. ಕಿಟಕಿಯ ಬಾಗಿಲು ಚೌಕಟ್ಟಿಗೆ ಕೂರುವ ಕಡೆ ಸುತ್ತಲೂ ಟೊಳ್ಳು ರಬ್ಬರ್ ಪಟ್ಟಿ ಅಂಟಿಸಿ. ಚಿಲಕ ಹಾಕಿದಾಗ ಅದು ಒತ್ತಿಕೊಳ್ಳಬೇಕು, ಒತ್ತದಿದ್ದರೆ ಚಿಲಕದ ತೂತು ಸ್ವಲ್ಪ ಒಳಕ್ಕೆ ಸರಿಸಿ. ಬಾಗಿಲ ಕೆಳಗಿನ ಸಂದಿಗೂ ರಬ್ಬರ್ ಪಟ್ಟಿ ಬೇಕು. ಇದು ಒಂದು ಭಾನುವಾರದ ಕೆಲಸ, ಸಾಮಾನು ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ. ಬಹಳ ಮನೆಗೆ ಇಷ್ಟೇ ಸಾಕು.

ಸಾಲದಿದ್ದರೆ ಒಳಗೆ ಇನ್ನೊಂದು ಕಿಟಕಿ ಕೂರಿಸಬೇಕು. ನಮ್ಮ ಕಡೆ ಒಂಬತ್ತು ಇಂಚಿನ ಗೋಡೆ, ಚೌಕಟ್ಟು ಹೊರಗಿನ ಅಂಚಿಗಿರುತ್ತದೆ, ಒಳಗೆ ನಾಲ್ಕೈದು ಇಂಚು ಜಾಗ ಉಳಿದಿರುತ್ತದೆ. ಅಲ್ಲಿ ಮರದ ಚೌಕಟ್ಟಿಗೆ 6 ಮಿ.ಮೀ. ಗಾಜು ಹಾಕಿ, ಹಗಲು ತೆರೆದಿಡುವಂತೆ ಕೀಲು ಹಾಕಿಕೊಡುತ್ತೇನೆ. ಹೊರಗಿನ ಗಾಜು 4 ಮಿ.ಮೀ. ಇದ್ದರೆ ಒಳಗಿನದು ಅದೇ ದಪ್ಪ ಬೇಡ, ಒಂದು ಬಿಟ್ಟದ್ದನ್ನು ಇನ್ನೊಂದು ತಡೆಯಬೇಕು. ಎರಡು ಗಾಜಿನ ನಡುವೆ ನಾಲ್ಕು ಇಂಚು ಇದ್ದರೆ ಒಳ್ಳೆಯದು. ರೆಡಿಮೇಡ್ ಡಬಲ್ ಗ್ಲಾಸಿನಲ್ಲಿ ನಡುವೆ ಅರ್ಧ ಇಂಚು ಇರುತ್ತದೆ. ಅದು ಬಿಸಿಲಿಗೆ ಚೆನ್ನಾಗಿ ತಡೆ, ವಿಮಾನದ ಸದ್ದಿಗೆ ಅಷ್ಟಿಲ್ಲ. ಮೊಟ್ಟೆ ಟ್ರೇ, ಥರ್ಮೋಕೋಲ್, ಫೋಮ್ ಗೋಡೆಗೆ ಅಂಟಿಸಬೇಡಿ. ಕೋಣೆಯೊಳಗಿನ ಪ್ರತಿಧ್ವನಿ ಕಡಿಮೆಯಾಗಬಹುದು, ಹೊರಗಿನದು ಹಾಗೇ ಬರುತ್ತದೆ.

ಅಡುಗೆಮನೆಯ ಗಾಳಿಕಿಂಡಿ ಮಾತ್ರ ಯಾವ ಕಾರಣಕ್ಕೂ ಮುಚ್ಚಬೇಡಿ. ಗ್ಯಾಸ್ ಸಿಲಿಂಡರ್ ಇರುವ ಕೋಣೆ, ಹಂಡೆ ಒಲೆ ಉರಿಯುವ ಬಚ್ಚಲು, ಎರಡಕ್ಕೂ ಗಾಳಿ ಓಡಾಡಲೇಬೇಕು. ಕೈ ಮುಗಿದು ಹೇಳುತ್ತಿದ್ದೇನೆ. ಮಲಗುವ ಕೋಣೆಗೂ ಗಾಳಿ ಬೇಕು, ಏಪ್ರಿಲ್ ಸೆಕೆಯಲ್ಲಿ ಎಲ್ಲಾ ಮುಚ್ಚಿಕೊಂಡು ಮಲಗಲಾಗುವುದಿಲ್ಲ. ಅದಕ್ಕೆ ನಾನು ಒಂದು ಪೆಟ್ಟಿಗೆ ಮಾಡುತ್ತೇನೆ: ಮುಕ್ಕಾಲು ಇಂಚಿನ ಪ್ಲೈವುಡ್, ಒಳಗೆ ಗಾಳಿ ಎರಡು ಸಲ ತಿರುಗಿ ಬರುವಂತೆ ಅಡ್ಡ ಹಲಗೆ, ಒಳಮೈಗೆಲ್ಲ ರಾಕ್‌ವುಲ್ (ಕಲ್ಲಿನ ನಾರಿನ ಹಾಸು) ಇಟ್ಟು ಮೇಲೆ ಬಟ್ಟೆ. ಜಾಲಿಯ ಜಾಗಕ್ಕೆ ಇದನ್ನು ಕೂರಿಸಿ ಹಿಂದೆ ಸಣ್ಣ ಫ್ಯಾನ್ ಇಟ್ಟರೆ ಗಾಳಿ ಬರುತ್ತದೆ. ಸದ್ದು ಆ ತಿರುವುಗಳಲ್ಲೇ ಬಹಳ ಮಟ್ಟಿಗೆ ಕರಗುತ್ತದೆ.

ಹೆಂಚಿನ ಮನೆ, ಶೀಟಿನ ಮನೆಯವರಿಗೆ ನಿಜ ಹೇಳಿಬಿಡುತ್ತೇನೆ: ಸದ್ದು ಮೇಲಿಂದಲೇ ಬರುತ್ತದೆ, ಬರೀ ಕಿಟಕಿ ಮಾಡಿಸಿದರೆ ದುಡ್ಡು ದಂಡ. ಮಲಗುವ ಒಂದು ಕೋಣೆಗೆ ಮಾತ್ರ ಎರಡು ಪದರ ಜಿಪ್ಸಮ್ ಸೀಲಿಂಗ್ ಹಾಕಿ, ಮೇಲೆ ರಾಕ್‌ವುಲ್ ಹಾಸಿ. ಅದೂ ಆಗದಿದ್ದರೆ ಮಗುವನ್ನು, ವಯಸ್ಸಾದವರನ್ನು ಆರ್‌ಸಿಸಿ ಇರುವ ಕೋಣೆಗೆ ಬದಲಾಯಿಸಿ.

ಮನೆಯೊಳಗಿನದು ಇಷ್ಟು. ಆದರೆ ಕೆಲಸ ಬರೀ ನಮ್ಮದಾಗಬಾರದು, ಮೇಲಿನವರೂ ಮಾಡಬೇಕು. ನಾವು ಮೊದಲು ಕೊಟ್ಟ ಅರ್ಜಿಯಲ್ಲಿ "ವಿಮಾನದ ಸದ್ದು ಮಿತಿ ಮೀರಿದೆ, ಕ್ರಮ ಕೈಗೊಳ್ಳಿ" ಅಂತಷ್ಟೇ ಇತ್ತು. ಯಾವ ಉತ್ತರವೂ ಬರಲಿಲ್ಲ. ಆಮೇಲೆ ತಿಳಿದುಕೊಂಡೆ. ಊರಿನ ವಸತಿ ಜಾಗಕ್ಕೆ 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ವಿಮಾನ ನಿಲ್ದಾಣಕ್ಕೆ 2018ರಲ್ಲಿ ಕೇಂದ್ರ ಸರ್ಕಾರ ಬೇರೆ ಮಿತಿ ಮಾಡಿತು: ವರ್ಷಕ್ಕೆ 50,000ಕ್ಕಿಂತ ಹೆಚ್ಚು ಸಲ ವಿಮಾನ ಏರಿಳಿಯುವ ಕಡೆ ಹಗಲು 70, ರಾತ್ರಿ 65. ಅದೂ ಸರಾಸರಿ ಲೆಕ್ಕ. ಎರಡು ಗಂಟೆಗೆ ಮಗುವನ್ನು ಎಬ್ಬಿಸಿದ ಒಂದು ವಿಮಾನ ಸರಾಸರಿಯಲ್ಲಿ ಕಾಣಿಸುವುದೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಅದೇ 2018ರಲ್ಲಿ ಯುರೋಪಿಗೆ ಕೊಟ್ಟ ಸಲಹೆ ರಾತ್ರಿ 40. ಇಷ್ಟು ಅಂತರ ಇರುವಾಗ ಮೂವತ್ತು ಕಿಲೋಮೀಟರ್ ದೂರದವರು "ಮಿತಿ ಮೀರಿದೆ" ಎಂದು ಬರೆದರೆ ಅರ್ಜಿ ಅಲ್ಲೇ ಬಿದ್ದುಹೋಗುತ್ತದೆ.

ಅದಕ್ಕೇ ಅವರು ಮಾಡಬಹುದಾದ್ದನ್ನು ಅರ್ಜಿಯಲ್ಲಿ ಹೀಗೆ ಕೇಳಿ: ರಾತ್ರಿ ಹನ್ನೊಂದರಿಂದ ಬೆಳಗಿನ ಐದರವರೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸದೆ ಒಂದೇ ಇಳಿಜಾರಿನಲ್ಲಿ ಇಳಿಸಿ; ನಡುವೆ ಸಮತಟ್ಟಾಗಿ ಹಾರಿದರೆ ಇಂಜಿನ್ ಜೋರು ಮಾಡಬೇಕಾಗುತ್ತದೆ. ಚಕ್ರ ಬಿಡುವುದನ್ನು ಸುರಕ್ಷಿತವಾಗಿ ಆಗುವಷ್ಟು ತಡ ಮಾಡಿ. ಎರಡು ರನ್‌ವೇ ಇರುವುದರಿಂದ ಒಂದೇ ಸಾಲಿನ ಹಳ್ಳಿಗಳ ಮೇಲೆ ಪ್ರತಿ ರಾತ್ರಿ ಬೇಡ. ಹದಿನಾಲ್ಕು ರಾತ್ರಿಯ ಪುಸ್ತಕದ ಜೆರಾಕ್ಸ್ ಅರ್ಜಿಯ ಜೊತೆಗಿಡಿ, ಎಷ್ಟು ಸಲ ಎಚ್ಚರವಾಯಿತು ಅನ್ನುವುದನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಗ್ರಾಮಸಭೆಯಲ್ಲಿ ಠರಾವು ಮಾಡಿಸಿ ವಿಮಾನ ನಿಲ್ದಾಣದ ಸಂಸ್ಥೆಗೆ, ವಿಮಾನಯಾನ ನೋಡಿಕೊಳ್ಳುವ ಕೇಂದ್ರದ ಡಿಜಿಸಿಎಗೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಕೋಲಾರ ಕಚೇರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಈ ಕಡೆ ಸದ್ದು ಅಳೆದಿದ್ದಾರಾ ಅಂತ ಮಂಡಳಿಗೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ನಾವು ಎರಡನೇ ಸಲ ಹೀಗೆ ಬರೆದಾಗ ಉತ್ತರ ಬಂತು. ಎಲ್ಲಾ ಆಗಿಲ್ಲ, ಆದರೆ ನಮ್ಮ ಹೋಬಳಿಯ ಹೆಸರು ಒಂದು ಕಾಗದದ ಮೇಲೆ ಬಂತು. ಮತ್ತೆ ಬರೆಯುತ್ತಿದ್ದೇವೆ.

ದೇವನಹಳ್ಳಿ, ಚಿಕ್ಕಬಳ್ಳಾಪುರ ರಸ್ತೆಯ ಲೇಔಟ್‌ಗಳಲ್ಲಿ ಸೈಟ್ ನೋಡುತ್ತಿರುವವರು ಜುಲೈನಲ್ಲಿ ಒಂದು ರಾತ್ರಿ, ಜನವರಿಯಲ್ಲಿ ಒಂದು ರಾತ್ರಿ ಆ ಜಾಗದಲ್ಲಿ ಎರಡು ಗಂಟೆ ನಿಂತು ಬನ್ನಿ. ಕೊಂಡಾಗಿದ್ದರೆ, ವಿಮಾನದ ದಾರಿಗೆ ಬೆನ್ನು ಮಾಡಿ ಮಲಗುವ ಕೋಣೆ ಹಾಕಿಸಿ, ಆ ಕಡೆ ಬಚ್ಚಲು, ಮೆಟ್ಟಿಲು ಬರಲಿ.

ಇನ್ನೊಂದು ಮಾತು ಮರೆಯಬೇಡಿ: ರಬ್ಬರ್ ಪಟ್ಟಿ ಬಿಸಿಲಿಗೆ ಎರಡು ಮೂರು ವರ್ಷದಲ್ಲಿ ಗಟ್ಟಿಯಾಗುತ್ತದೆ. ಯುಗಾದಿಗೆ ಸುಣ್ಣ ಬಣ್ಣ ಹೊಡೆಸುವಾಗ ಬೆರಳಲ್ಲಿ ಒತ್ತಿ ನೋಡಿ, ಮೆತ್ತಗಿಲ್ಲದಿದ್ದರೆ ಕಿತ್ತು ಹೊಸದು ಅಂಟಿಸಿ. ಅದರ ಮೇಲೆ ಬ್ರಷ್ ಆಡಿಸಬೇಡಿ ಅಂತ ಬಣ್ಣದವರಿಗೆ ಮೊದಲೇ ಹೇಳಿಬಿಡಿ.