ಕ್ರ್ಯಾನ್‌ಬೆರಿ ಉಪ್ಪಿನಕಾಯಿ: ಅರ್ಧ ಸಿಡಿದಾಗಲೇ ಒಲೆ ಆರಿಸಿ

ಕ್ರ್ಯಾನ್‌ಬೆರಿ ಪುಟ್ಟ ಕೆಂಪು ಹುಳಿಹಣ್ಣು. ಅಮೆರಿಕದ ಅಂಗಡಿಗಳಲ್ಲಿ ಅದು ತಾಜಾ ಸಿಗುವುದು ಹೆಚ್ಚಾಗಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಅಲ್ಲಿನವರು ಸಕ್ಕರೆ ಸುರಿದು ಸಾಸ್ ಮಾಡುತ್ತಾರೆ. ಅಲ್ಲಿರುವ ನಮ್ಮವರ ಮನೆಗಳಲ್ಲಿ ಅದು ದಿಢೀರ್ ಉಪ್ಪಿನಕಾಯಿ. ಹುಳಿ, ಒಗರು ಎರಡೂ ಇರುವುದರಿಂದ ಕವಳೆಕಾಯಿ ನೆನಪಾಗುತ್ತದೆ. ಆದರೆ ಗಿಡಗಳಿಗೆ ನಂಟಿಲ್ಲ. ಕವಳೆ ಮುಳ್ಳಿನ ಪೊದೆ, ಕಾಯಿ ಕಿತ್ತರೆ ಹಾಲು ಸೋರುತ್ತದೆ. ಕ್ರ್ಯಾನ್‌ಬೆರಿ ಮರಳು ಬೆರೆತ ಹುಳಿಮಣ್ಣಿನಲ್ಲಿ ನೆಲಕ್ಕಂಟಿ ಹಬ್ಬುವ ಬಳ್ಳಿ.

ಹಣ್ಣನ್ನು ಅಡ್ಡಕ್ಕೆ ಕೊಯ್ದು ನೋಡಿ: ಒಳಗೆ ನಾಲ್ಕು ಟೊಳ್ಳು ಕೋಣೆ. ವಿಸ್ಕಾನ್ಸಿನ್, ಮ್ಯಾಸಚೂಸೆಟ್ಸ್‌ನ ತೋಟಗಳಲ್ಲಿ ನೀರು ನಿಲ್ಲಿಸಿ ಬಳ್ಳಿ ಬಡಿದಾಗ ಹಣ್ಣು ತೇಲುವುದು ಈ ಗಾಳಿಯಿಂದಲೇ. ಗಟ್ಟಿ ಹಣ್ಣು ಮೇಜಿನ ಮೇಲೆ ಬಿಟ್ಟರೆ ಪುಟಿಯುತ್ತದೆ. ಮೆತ್ತಗಾದದ್ದನ್ನು ಆರಿಸಿ ಎಸೆಯಿರಿ.

12 ಔನ್ಸಿನ ಒಂದು ಚೀಲ, ಅಂದರೆ 340 ಗ್ರಾಂ ಹಣ್ಣು ತೊಳೆದು ಬಟ್ಟೆಯ ಮೇಲೆ ಪೂರ್ತಿ ಆರಿಸಿ. ಪಸೆ ಉಳಿದರೆ ಎಣ್ಣೆ ಸಿಡಿಯುತ್ತದೆ, ಉಪ್ಪಿನಕಾಯಿಯೂ ಬೇಗ ಕೆಡುತ್ತದೆ. 2 ಚಮಚ ಸಾಸಿವೆ, ಅರ್ಧ ಚಮಚ ಮೆಂತ್ಯ ಬೆಚ್ಚಗೆ ಹುರಿದು ಪುಡಿ ಮಾಡಿ. ಮೆಂತ್ಯ ಕಂದು ತಿರುಗಿದರೆ ಕಹಿ. ಹಾಗಾದರೆ ಅದನ್ನು ಬಿಟ್ಟು ಹೊಸದಾಗಿ ಹುರಿಯುವುದೇ ಮೇಲು.

ಸ್ಟೀಲ್ ಬಾಣಲೆಯಲ್ಲಿ ಕಾಲು ಕಪ್ ಎಳ್ಳೆಣ್ಣೆ ಕಾಯಿಸಿ, ಒಗ್ಗರಣೆಗೆ ಬೇರೆ ಸ್ವಲ್ಪ ಸಾಸಿವೆ, ಕಾಲು ಚಮಚ ಇಂಗು, ಅರ್ಧ ಚಮಚ ಅರಿಸಿನ ಹಾಕಿ. ಈ ಹುಳಿಗೆ ಅಲ್ಯೂಮಿನಿಯಂ, ಕಬ್ಬಿಣ ಬೇಡ. ಹಣ್ಣು ಹಾಕಿ ಸಣ್ಣ ಉರಿಯಲ್ಲಿ ಕೈಯಾಡಿಸಿ. ಮೂರ್ನಾಲ್ಕು ನಿಮಿಷಕ್ಕೆ ಪಟ್ ಪಟ್ ಎಂದು ಸಿಪ್ಪೆ ಬಿರಿಯತೊಡಗುತ್ತದೆ. ಅರ್ಧದಷ್ಟು ಬಿರಿದೊಡನೆ ಒಲೆ ಆರಿಸಿ. ಉಳಿದವು ಬಾಣಲೆಯ ಕಾವಿಗೇ ಬೇಯುತ್ತವೆ. ಹೆಚ್ಚಿನವರು ಎಡವುವುದು ಇಲ್ಲೇ. ಹಣ್ಣಿನಲ್ಲಿ ಪೆಕ್ಟಿನ್, ಅಂದರೆ ಜಾಮನ್ನು ಗಟ್ಟಿ ಮಾಡುವ ಅಂಶ, ಧಾರಾಳ. ಎಲ್ಲವೂ ಒಡೆಯುವವರೆಗೆ ಬೇಯಿಸಿದರೆ ಆರಿದ ಮೇಲೆ ಜಾಮ್‌ನಂತೆ ಗಟ್ಟಿ ಕೂರುತ್ತದೆ. ಆಮೇಲೆ ನೀರು ಹಾಕಿ ಸಡಿಲಿಸಹೋದರೆ ಬೂಸ್ಟು ಗ್ಯಾರಂಟಿ.

ತುಸು ಆರಿದ ಮೇಲೆ ಒಂದೂವರೆ ದೊಡ್ಡ ಚಮಚ ಪುಡಿಯುಪ್ಪು, 2 ದೊಡ್ಡ ಚಮಚ ಅಚ್ಚಖಾರದ ಪುಡಿ, ಹುರಿದ ಪುಡಿ, 2 ದೊಡ್ಡ ಚಮಚ ಬೆಲ್ಲ ಬೆರೆಸಿ. ನಿಂಬೆರಸ, ಹುಣಸೆಹಣ್ಣು ಏನೂ ಬೇಡ. ಅದೇ ದಿನ ರುಚಿ ನೋಡಿದರೆ ಉಪ್ಪು, ಹುಳಿ ಬೇರೆಬೇರೆಯಾಗಿಯೇ ನಿಲ್ಲುತ್ತವೆ. ಎರಡು ದಿನ ಬಿಟ್ಟು ನೋಡಿ, ಆಗ ಬೇಕಿದ್ದರೆ ಬೆಲ್ಲ ಸೇರಿಸಿ. ಗಾಜಿನ ಬಾಟಲಿಯಲ್ಲಿ ಫ್ರಿಜ್‌ನಲ್ಲಿಟ್ಟು ಒಂದು ತಿಂಗಳೊಳಗೆ ಮುಗಿಸಿ.

ಒಣ ಕ್ರ್ಯಾನ್‌ಬೆರಿ ಪೊಟ್ಟಣ ಇದಕ್ಕೆ ಒಗ್ಗದು, ಬಹುತೇಕ ಅದಕ್ಕೆ ಸಕ್ಕರೆ ಉಣಿಸಿರುತ್ತಾರೆ. ಹೆಚ್ಚುವರಿ ಚೀಲವಿದ್ದರೆ ಹಾಗೆಯೇ ಫ್ರೀಜರ್‌ಗೆ ಸೇರಿಸಿ. ಮಂಜು ಕರಗಿದ ಹಣ್ಣು ಮೆತ್ತಗಾಗುವುದರಿಂದ ಅದನ್ನು ಗೊಜ್ಜಿಗೆ ಬಳಸಿ.