ಪಾಯಿಂಟ್ ಫೈವ್‌ನಿಂದ ಸೊನ್ನೆಗೆ: ನಿದ್ದೆ ಮಾತ್ರೆ ಇಳಿಸಿದ ನನ್ನ ಅನುಭವ

ಕ್ಲೋನಾಜೆಪಾಮ್ ಅನ್ನುವ ನಿದ್ದೆ ಮಾತ್ರೆ, ಪಾಯಿಂಟ್ ಫೈವ್ ಅಂದರೆ ಅರ್ಧ ಮಿಲಿಗ್ರಾಂ, ರಾತ್ರಿಗೆ ಒಂದು. ಎಂಟೊಂಬತ್ತು ವರ್ಷ ತೆಗೆದುಕೊಂಡೆ. ಬಿಟ್ಟು ಈಗ ಒಂದೂವರೆ ವರ್ಷದ ಮೇಲಾಯಿತು, ನಿದ್ದೆಯೂ ಬರುತ್ತಿದೆ. ತಿಪಟೂರಿನಲ್ಲಿ ನನ್ನದೇ ಮೆಡಿಕಲ್ ಅಂಗಡಿ ಇದೆ. ಅದಕ್ಕೇ ನಂಬದವರು ಜಾಸ್ತಿ. "ಅಂಗಡಿ ತುಂಬಾ ಸ್ಟ್ರಿಪ್ ಇಟ್ಕೊಂಡು ನೀವು ಬಿಡ್ತೀರಾ?" ಅಂತ ನಮ್ಮ ಸ್ಟಾಕಿಸ್ಟ್ ನಕ್ಕಿದ್ದರು. ಭಾವನವರದು ಇನ್ನೊಂದು ಮಾತು: "ಇದು ಬಿಪಿ ಮಾತ್ರೆ ಇದ್ದ ಹಾಗೆ, ಕೊನೇವರೆಗೂ ಇರೋದೇ." ಈಗ ಇಬ್ಬರೂ ಹೇಗೆ ಬಿಟ್ಟಿರಿ ಅಂತ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮಾತ್ರೆ ಹೇಗೆ ಕೆಲಸ ಮಾಡುತ್ತೆ, ಅಭ್ಯಾಸ ಯಾಕಾಗುತ್ತೆ ಅನ್ನೋದೆಲ್ಲ ದೊಡ್ಡ ಕಥೆ. ಅದನ್ನು ಬಿಡುತ್ತೇನೆ. ಒಂದು ಮಾತು ಮಾತ್ರ ಮೊದಲೇ ಹೇಳಬೇಕು. ವರ್ಷಗಟ್ಟಲೆ ತಿಂದ ಮಾತ್ರೆಯನ್ನು ಒಂದೇ ಸಲಕ್ಕೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. ನಾನು ಮಾಡಿದ್ದೆಲ್ಲ ತುಮಕೂರಿನ ಒಬ್ಬ ಮನೋವೈದ್ಯರ ಚೀಟಿಯ ಮೇಲೆ. ಪ್ರತಿ ಇಳಿಕೆಯನ್ನೂ ಅವರೇ ಬರೆದು ಕೊಟ್ಟರು.

ಅವರ ಹತ್ತಿರ ಹೋಗುವ ಮುಂಚೆ ಏನೇನಾಯಿತು ನೋಡಿ. ಒಮ್ಮೆ ಮದುವೆಗೆ ಅಂತ ಊರು ಬಿಟ್ಟಾಗ ಸ್ಟ್ರಿಪ್ ಮನೆಯಲ್ಲೇ ಉಳಿಯಿತು. ಮೊದಲ ರಾತ್ರಿ ನಿದ್ದೆ ಬಂತು. ಎರಡನೇ ರಾತ್ರಿಯೂ ಬಂತು. ಓ, ಇಷ್ಟೇನಾ ಅಂದುಕೊಂಡೆ. ಕ್ಲೋನಾಜೆಪಾಮ್‌ನ ಮೋಸ ಇರುವುದೇ ಇಲ್ಲಿ. ಅದರ ಅರ್ಧ ಪಾಲು ಮೈಯಿಂದ ಹೋಗಲು 30ರಿಂದ 40 ಗಂಟೆ ಬೇಕು, ಹಾಗಾಗಿ ಪೆಟ್ಟು ತಡವಾಗಿ ಬೀಳುತ್ತೆ. ನಾಲ್ಕನೇ ದಿನದ ಹೊತ್ತಿಗೆ ಕೈ ನಡುಗಲು ಶುರು. ಊಟದ ಪಂಕ್ತಿಯಲ್ಲಿ ಲೋಟ ಬಿದ್ದ ಸದ್ದಿಗೆ ಎದ್ದು ನಿಂತುಬಿಟ್ಟೆ. ಅವತ್ತೇ ಮನೆಗೆ ಬಂದು ಮತ್ತೆ ಮಾತ್ರೆ ಶುರು ಮಾಡಿದೆ. ಆಮೇಲೆ ಯಾರೋ ಹೇಳಿದರು ಅಂತ ದಿನ ಬಿಟ್ಟು ದಿನ ತಗೊಂಡು ನೋಡಿದ್ದೂ ಆಯಿತು. ಒಂದು ದಿನ ಮಂಕು, ಒಂದು ದಿನ ಸಿಡಿಮಿಡಿ. ಗಿರಾಕಿಗಳ ಜೊತೆ ಜಗಳ ಬೇರೆ.

ಮೂರನೆಯದು ಇವೆಲ್ಲಕ್ಕಿಂತ ಕೆಟ್ಟದ್ದು. ಬೇರೊಬ್ಬ ಡಾಕ್ಟರ್ ಜೋಲ್ಪಿಡೆಮ್ ಅನ್ನುವ ಇನ್ನೊಂದು ನಿದ್ದೆ ಮಾತ್ರೆ, ಹತ್ತು ಮಿಲಿಗ್ರಾಂನದು, ಬರೆದುಕೊಟ್ಟರು. ನಿದ್ದೆ ಸೊಗಸಾಗಿ ಬಂತು. ಒಂದು ಬೆಳಿಗ್ಗೆ ಎದ್ದರೆ ಸಿಂಕಿನಲ್ಲಿ ಬಾಣಲೆ, ಕಟ್ಟೆಯ ಮೇಲೆಲ್ಲ ರವೆ. ರಾತ್ರಿ ಎರಡು ಗಂಟೆಗೆ ನಾನು ಸ್ಟವ್ ಹಚ್ಚಿ, ಹುರಿಯದ ರವೆಯನ್ನು ಹಾಗೇ ಬಿಸಿನೀರಿಗೆ ಸುರಿದು ತಿರುವುತ್ತಿದ್ದೆನಂತೆ. ಹೆಂಡತಿ ಕೇಳಿದ್ದಕ್ಕೆ "ಉಪ್ಪಿಟ್ಟು" ಅಂತ ಸರಿಯಾಗೇ ಉತ್ತರ ಕೊಟ್ಟೆನಂತೆ. ನನಗೆ ಒಂದಕ್ಷರ ನೆನಪಿಲ್ಲ. ಅವಳು ಎದ್ದಿರದಿದ್ದರೆ ಗ್ಯಾಸ್ ಹಾಗೇ ಇರುತ್ತಿತ್ತು. ಈ ಮಾತ್ರೆಯಿಂದ ನಿದ್ದೆಯಲ್ಲೇ ನಡೆಯುವುದು, ಅಡುಗೆ ಮಾಡುವುದು, ಕಾರು ಓಡಿಸುವುದು ಎಲ್ಲ ಆಗಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲೇ ತನ್ನ ಅತಿ ಕಟ್ಟುನಿಟ್ಟಿನ ಎಚ್ಚರಿಕೆಯನ್ನು ಮಾತ್ರೆಯ ಮಾಹಿತಿ ಪತ್ರದಲ್ಲಿ ಹಾಕಿಸಿದೆ. ಹೆಂಗಸರ ಡೋಸನ್ನು 2013ರಲ್ಲಿ ಹತ್ತರಿಂದ ಐದಕ್ಕೆ ಇಳಿಸಿದ್ದೂ ಅವರೇ. ಕೌಂಟರ್‌ನಲ್ಲಿ ಹೆಂಗಸರಿಗೆ ಹತ್ತರ ಚೀಟಿ ಬಂದರೆ ನಾನು ಈಗ ಒಂದು ಸಲ ಡಾಕ್ಟರಿಗೆ ಫೋನ್ ಮಾಡಿಯೇ ಕೊಡುವುದು.

ದುಡ್ಡಿನ ವಿಷಯಕ್ಕೆ ಬರೋಣ. ಮಾತ್ರೆಗೆ ಆಗುವ ಖರ್ಚು ಏನೂ ಅಲ್ಲ, ತಿಂಗಳಿಗೆ ನೂರು ನೂರೈವತ್ತು. ಕೈ ಸುಟ್ಟಿದ್ದು ಬೇರೆ ಕಡೆ. ಮೆಮೊರಿ ಫೋಮ್ ಹಾಸಿಗೆಗೆ ಇಪ್ಪತ್ತು ಸಾವಿರ ಚಿಲ್ಲರೆ. ಅದರ ಮೇಲೆ ಬೆವರಿದ್ದೇ ಬಂತು. ನಿದ್ದೆ ಅಳೆಯುವ ವಾಚ್ ಮೂರು ಸಾವಿರ. ಬೆಳಿಗ್ಗೆ ಎದ್ದ ತಕ್ಷಣ ಅದರ ಅಂಕ ನೋಡಿ, ಕಮ್ಮಿ ಇದ್ದರೆ ದಿನವಿಡೀ ಸುಸ್ತು. ಮಗನಿಗೆ ಕೊಟ್ಟೆ. ಅಶ್ವಗಂಧ, ಗಮ್ಮಿ, ಲ್ಯಾವೆಂಡರ್ ಎಣ್ಣೆ ಎಲ್ಲ ಸೇರಿ ಇನ್ನೊಂದು ಏಳೆಂಟು ಸಾವಿರ. ನನ್ನ ಅಂಗಡಿಯಲ್ಲೇ ಮಾರುವ ಮಾಲು ಇದು, ಆದರೂ ಹೇಳುತ್ತಿದ್ದೇನೆ. ಕೊನೆಗೆ ಕೆಲಸಕ್ಕೆ ಬಂದದ್ದು ತುಮಕೂರಿನ ಬಸ್ ಚಾರ್ಜು, ಡಾಕ್ಟರ್ ಫೀಸು, ಒಂದು ಪಿಲ್ ಕಟರ್, ಒಂದು ನೋಟ್‌ಬುಕ್. ವರ್ಷಕ್ಕೆ ಹತ್ತು ಸಾವಿರದೊಳಗೇ ಮುಗಿಯಿತು.

ತುಮಕೂರಿನ ಡಾಕ್ಟರ್ ಮೊದಲು ಮಾತ್ರೆಗೆ ಕೈಯೇ ಹಾಕಲಿಲ್ಲ. "ಮೊದಲು ಹಾಸಿಗೆ ಸಮಯ ಸರಿ ಮಾಡಿ, ಇಳಿಸೋದು ಆಮೇಲೆ" ಅಂದರು. ನನಗೆ ನಿರಾಸೆಯಾಯಿತು. ಆದರೆ ಇಡೀ ಕೆಲಸದ ಗುಟ್ಟು ಇದೇ. ಆರ್ಥರ್ ಸ್ಪೀಲ್‌ಮನ್ ಅನ್ನುವ ನಿದ್ದೆ ತಜ್ಞರು 1987ರಲ್ಲಿ ಬರೆದ ವಿಧಾನವಂತೆ. ನಾನು ಹತ್ತಕ್ಕೆ ಮಲಗಿ ಆರಕ್ಕೆ ಏಳುತ್ತಿದ್ದೆ. ಎಂಟು ಗಂಟೆಯಲ್ಲಿ ನಿದ್ದೆ ಐದು, ಐದೂವರೆ. ಮಿಕ್ಕಿದ್ದು ಫ್ಯಾನ್ ನೋಡುವ ಕೆಲಸ. ಡಾಕ್ಟರ್ ಹಾಸಿಗೆಗೆ ಕೊಟ್ಟಿದ್ದು ಐದೂವರೆ ಗಂಟೆ ಮಾತ್ರ. ಹನ್ನೆರಡಕ್ಕೆ ಮಲಗು, ಐದೂವರೆಗೆ ಏಳು, ನಿದ್ದೆ ಬಂದಿರಲಿ ಬಿಡಲಿ. 330 ನಿಮಿಷದಲ್ಲಿ 280 ನಿಮಿಷ ನಿದ್ದೆ ಆದರೆ, ಅಂದರೆ ನೂರಕ್ಕೆ 85ರಷ್ಟು, ಮುಂದಿನ ವಾರ ಕಾಲು ಗಂಟೆ ಜಾಸ್ತಿ. ನಡುವೆ ಎಚ್ಚರವಾಗಿ ಅಂದಾಜು ಇಪ್ಪತ್ತು ನಿಮಿಷ ನಿದ್ದೆ ಹತ್ತದಿದ್ದರೆ ಎದ್ದು ಹಾಲ್‌ಗೆ ಹೋಗಿ ಕೂರಬೇಕು. ಗಡಿಯಾರ ನೋಡುವ ಹಾಗಿಲ್ಲ.

ತಿಪಟೂರಿನಲ್ಲಿ ರಾತ್ರಿ ಹನ್ನೆರಡರವರೆಗೆ ಎಚ್ಚರ ಇರುವುದು ಎಷ್ಟು ಕಷ್ಟ ಗೊತ್ತಾ? ಒಂಬತ್ತೂವರೆಗೆ ಶಟರ್ ಎಳೆದರೆ ಬೀದಿಯೇ ಖಾಲಿ. ಜಿಎಸ್‌ಟಿ ಲೆಕ್ಕ, ಎಕ್ಸ್‌ಪೈರಿ ಮಾಲಿನ ಪಟ್ಟಿ, ಎಚ್1 ರಿಜಿಸ್ಟರ್ (ಕೆಲವು ಔಷಧಿಗಳನ್ನು ಯಾರಿಗೆ ಕೊಟ್ಟೆವು ಅಂತ ಬರೆದಿಡುವ ಪುಸ್ತಕ) ಎಲ್ಲ ಆ ಹೊತ್ತಿಗೆ ಎತ್ತಿಟ್ಟೆ. 2014ರ ಮಾರ್ಚಿನಿಂದ ನಾವು ಮೆಡಿಕಲ್ ಅಂಗಡಿಯವರು ಈ ರಿಜಿಸ್ಟರ್ ಬರೆಯುತ್ತಿದ್ದೇವೆ, ನನ್ನದು ಅಷ್ಟು ಚೊಕ್ಕವಾಗಿ ಯಾವತ್ತೂ ಇರಲಿಲ್ಲ. ಮೊದಲ ಎರಡು ಮೂರು ವಾರ ಹಗಲು ನರಕ. ಬೈಕ್ ಮುಟ್ಟಲಿಲ್ಲ, ಮಗನೇ ಅಂಗಡಿಗೆ ಬಿಡುತ್ತಿದ್ದ. ಫಿಟ್ಸ್ ಇದ್ದವರು, ಬೈಪೋಲಾರ್ ಇದ್ದವರು, ರಾತ್ರಿ ಬಸ್ಸು ಲಾರಿ ಓಡಿಸುವವರು ಹೀಗೆ ನಿದ್ದೆ ಕತ್ತರಿಸುವ ಹಾಗಿಲ್ಲ ಅಂತ ಡಾಕ್ಟರ್ ಖಡಾಖಂಡಿತ ಹೇಳಿದ್ದಾರೆ.

ಒಂದೂವರೆ ತಿಂಗಳು ಕಳೆದ ಮೇಲೆ ಇಳಿಸುವುದು ಶುರು. ಪಾಯಿಂಟ್ ಫೈವ್‌ನಿಂದ ಪಾಯಿಂಟ್ ಟೂ ಫೈವ್‌ಗೆ ಬರಲು ಮೂರು ನಾಲ್ಕು ತಿಂಗಳು ಹಿಡಿಯಿತು. ಆಯ್ತು, ಅರ್ಧ ದಾರಿ ಬಂದೆ ಅಂತ ಹಿಗ್ಗಿದೆ. ಅದು ಅರ್ಧ ದಾರಿ ಅಲ್ಲ. ಅಲ್ಲಿಂದ ಸೊನ್ನೆಗೆ ಇನ್ನೂ ಏಳೆಂಟು ತಿಂಗಳು ಬೇಕಾಯಿತು. ಪ್ರತಿ ಸಲ ಇಳಿಸುವುದು ಆಗ ತಗೊಳ್ಳುತ್ತಿರುವ ಡೋಸಿನ ಒಂದು ಸಣ್ಣ ಪಾಲನ್ನು, ಮೊದಲಿನ ಡೋಸಿನ ಪಾಲನ್ನಲ್ಲ. ಹಾಗಾಗಿ ಕೊನೆಕೊನೆಗೆ ತುಣುಕು ಚಿಕ್ಕದಾಗುತ್ತಾ ಹೋಗುತ್ತೆ. ಬಹಳ ಜನ ಸೋಲುವುದು ಇಲ್ಲೇ. "ಇನ್ನು ಕಾಲು ತಾನೇ" ಅಂತ ಕಿತ್ತೆಸೆಯುತ್ತಾರೆ, ಹದಿನೈದು ದಿನಕ್ಕೆ ವಾಪಸ್ ಅರ್ಧಕ್ಕೆ ಬರುತ್ತಾರೆ. ನಾನು ಎರಡು ಸಲ ಹೆಜ್ಜೆ ನಿಲ್ಲಿಸಿ ಅದೇ ಡೋಸಿನಲ್ಲಿ ತಿಂಗಳುಗಟ್ಟಲೆ ಇದ್ದೆ, ಹಿಂದಕ್ಕೆ ಮಾತ್ರ ಏರಿಸಲಿಲ್ಲ.

ಆ ಕೊನೆಯ ತುಣುಕುಗಳನ್ನು ಹೇಗೆ ಅಳೆದೆ ಅಂತ ಎಲ್ಲರೂ ಕೇಳುತ್ತಾರೆ. ಅದನ್ನು ಬರೆಯಲ್ಲ. ಕಂಪನಿಯಿಂದ ಕಂಪನಿಗೆ ಮಾತ್ರೆಯ ತೂಕವೇ ಬೇರೆ, ನನ್ನ ಲೆಕ್ಕ ಹಿಡಿದು ನೀವು ಕತ್ತರಿಸಿದರೆ ಕೆಡುತ್ತೆ. ನಿಮ್ಮ ಡಾಕ್ಟರ್, ನಿಮ್ಮ ಫಾರ್ಮಸಿಸ್ಟ್ ಕೂತು ಮಾಡಬೇಕಾದ ಕೆಲಸ ಅದು. ಒಂದು ಮಾತ್ರ ಹೇಳಬಲ್ಲೆ: ಶುರುವಿನಿಂದ ಕೊನೆವರೆಗೆ ಒಂದೇ ಬ್ರ್ಯಾಂಡ್ ಇರಲಿ. ಸಿಆರ್ ಅಂತ ಬರೆದ, ಅಂದರೆ ಔಷಧಿಯನ್ನು ನಿಧಾನವಾಗಿ ಬಿಡುವ, ಮಾತ್ರೆಯನ್ನು ಕಟರ್ ಹತ್ತಿರವೂ ತರಬೇಡಿ.

ನಡುವೆ ಸುಮ್ನೆ ಕೂರದೆ ಒಂದಷ್ಟು ಪ್ರಯೋಗ ಮಾಡಿದೆ. ಮೆಲಟೋನಿನ್ (ನಿದ್ದೆಯ ಹಾರ್ಮೋನಿನ ಮಾತ್ರೆ) ಮೂರು ಮಿಲಿಗ್ರಾಂ: ನನಗೆ ಏನೂ ಆಗಲಿಲ್ಲ. ಜಾಯಿಕಾಯಿ ತೇದ ಹಾಲು: ರುಚಿ ಚೆನ್ನಾಗಿತ್ತು, ಅಷ್ಟೇ. ಗಸಗಸೆ ಪಾಯಸ ಮಧ್ಯಾಹ್ನ ಭರ್ಜರಿ ನಿದ್ದೆ ತಂದಿತು, ರಾತ್ರಿಯ ನಿದ್ದೆ ಹಾಳು ಮಾಡಿತು, ಶುಗರ್ ಏರಿಸಿತು. ಸಂಜೆ ನಾಲ್ಕರ ಫಿಲ್ಟರ್ ಕಾಫಿ ಬಿಟ್ಟದ್ದರಿಂದ ಮಾತ್ರ ನಿಜವಾದ ಫಲ ಸಿಕ್ಕಿತು. ಹೆಂಡತಿಯ ಉಪಾಯ ಇನ್ನೊಂದಿದೆ, ಅದನ್ನು ಹೇಳಲು ಅವಳ ಅಪ್ಪಣೆ ಇಲ್ಲ.

ಇಳಿಸುವ ಯೋಚನೆ ಇಲ್ಲದವರೂ ಕೆಲವು ವಿಷಯ ಗಮನಿಸಬೇಕು. ಕೌಂಟರ್‌ನಲ್ಲಿ ದಿನಾ ಕಾಣುವ ಜೋಡಿಗಳಿವೆ: ನಿದ್ದೆ ಮಾತ್ರೆ ಜೊತೆ ಅಲರ್ಜಿಯ ಅವಿಲ್, ನಿದ್ದೆ ಮಾತ್ರೆ ಜೊತೆ ಕೋಡೀನ್ ಇರುವ ಕೆಮ್ಮಿನ ಸಿರಪ್ಪು, ನಿದ್ದೆ ಮಾತ್ರೆ ಜೊತೆ ಬೆನ್ನು ನೋವಿನ ಟ್ರಮಡಾಲ್. ಎಲ್ಲವೂ ಮಂಪರು ಹೆಚ್ಚಿಸುವವು. ಕೊನೆಯ ಎರಡರ ಜೊತೆ ಉಸಿರೇ ನಿಧಾನವಾಗಬಹುದು. ಎಣ್ಣೆ (ಮದ್ಯ) ಹಾಕಿದವರು ಅವತ್ತು ಮಾತ್ರೆ ಮುಟ್ಟಲೇಬಾರದು. ಆದರೆ ದಿನಾ ಎರಡೂ ಇರುವವರು ತಾವೇ ತೀರ್ಮಾನ ಮಾಡದೆ ಡಾಕ್ಟರಿಗೆ ನಿಜ ಹೇಳಬೇಕು. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುವವರು ಮೊದಲು ಅದನ್ನು ತೋರಿಸಿಕೊಳ್ಳಲಿ. ಡಾಕ್ಟರ್ ಸಿಗದ ಹೊತ್ತಿನಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಈಗ ನಮ್ಮ ಅತ್ತೆಯವರ ಸರದಿ. ಅವರಿಗೆ ಎಪ್ಪತ್ತು ದಾಟಿದೆ, ಇದೇ ಜಾತಿಯ ಅಲ್ಪ್ರಜೋಲಾಮ್ ಮಾತ್ರೆಯ ಹಳೇ ಗಿರಾಕಿ, ರಾತ್ರಿ ಬಚ್ಚಲಿಗೆ ಹೋಗುವಾಗ ಎರಡು ಸಲ ಬಿದ್ದಿದ್ದಾರೆ. ಅರವತ್ತೈದು ದಾಟಿದವರಿಗೆ ಈ ಮಾತ್ರೆಗಳು ಆದಷ್ಟು ಬೇಡ ಅನ್ನುವುದೇ ಇದಕ್ಕೆ. ಡಾಕ್ಟರ್ ನನಗಿಂತ ನಿಧಾನದ ಲೆಕ್ಕ ಹಾಕಿ ಕೊಟ್ಟಿದ್ದಾರೆ. ಹಾಸಿಗೆ ಸಮಯವನ್ನು ಅವರಿಗೆ ಅಷ್ಟು ಬಿಗಿ ಮಾಡಿಲ್ಲ. ಮೊದಲ ಇಳಿಕೆ ಆಗಿದೆ. "ಏನೂ ವ್ಯತ್ಯಾಸ ಗೊತ್ತಾಗ್ತಿಲ್ಲ ಕಣಪ್ಪ, ನೀನು ಮಾತ್ರೆ ಬದಲಾಯಿಸಿಲ್ಲ ತಾನೆ?" ಅಂತ ದಿನಾ ಕೇಳುತ್ತಾರೆ.